ಮಾತಾಡುವವನ ಸರದಿ

ಫೆಬ್ರವರಿ 9

ಅಮ್ಮ,

ಸರ್ ಅವರ ಕೋಣೆಯನ್ನು ಇವತ್ತು ಖಾಲಿ ಮಾಡಿದೆ. ನಾಲ್ಕು ಪೆಟ್ಟಿಗೆ ಆಯಿತು, ನಾಳೆ ಪಾರ್ಸೆಲ್ ಹಾಕಿಸುತ್ತೇನೆ. ಪುಸ್ತಕಗಳ ನಡುವೆ ಗಾಜಿನ ಚೂರು ಉಳಿದಿರಬಹುದು, ಕೈ ಹಾಕುವಾಗ ಜೋಪಾನ. ಗಲಾಟೆಯ ದಿನ ಜನ ಆಸ್ಪತ್ರೆಯ ಜೊತೆ ಪ್ರಾಂಶುಪಾಲರ ಕೋಣೆಗೂ ನುಗ್ಗಿದ್ದರು. ಮೇಜು ಮಗುಚಿದ್ದಾರೆ. ಗೋಡೆಯ ಮೇಲಿದ್ದ ಮೂವತ್ತೊಂದು ಬ್ಯಾಚುಗಳ ಫೋಟೋಗಳಲ್ಲಿ ಒಂದನ್ನೂ ಬಿಟ್ಟಿಲ್ಲ. ನಮ್ಮ ಬ್ಯಾಚಿನದರಲ್ಲಿ ಸರಿಯಾಗಿ ನನ್ನ ಮುಖದ ಮೇಲೆ ಯಾರದೋ ಬೂಟಿನ ಗುರುತಿದೆ. ಸರ್ ಇದ್ದಿದ್ದರೆ "ಮೊದಲಿಗಿಂತ ಇದೇ ವಾಸಿ" ಅಂದಿರೋರು.

ನಿಮ್ಮ ತಂಗಿಯ ಮನೆಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅವರೇ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದ ಎತ್ತಿದರು. "ಅಕ್ಕ ಫೋನು ಮುಟ್ಟೋದೇ ಬಿಟ್ಟಿದಾಳೆ ಕಣಮ್ಮ, ಏನಿದ್ರೂ ಕಾಗದ ಬರಿ" ಅಂದರು. ಸರಿ, ಬರೆಯುತ್ತಿದ್ದೇನೆ. ಅವರ ಸೊಂಟದ ಮೂಳೆ ಕೂಡಿತೇ? ನಡೆಸುತ್ತಿದ್ದೀರಾ?

ಆಡಳಿತ ಮಂಡಳಿಯವರು ಸರ್ ಜಾಗದಲ್ಲಿ ನನ್ನನ್ನು ಪ್ರಭಾರ ಪ್ರಾಂಶುಪಾಲೆ ಮಾಡಿದ್ದಾರೆ. ಬೇಡವೆಂದೆ, ಕೇಳಲಿಲ್ಲ. ವಿಚಾರಣಾ ಸಮಿತಿ ಮಾರ್ಚ್ ಇಪ್ಪತ್ತಕ್ಕೆ ಕೂರುತ್ತದೆ. ನಾನೇ ಮೊದಲ ಸಾಕ್ಷಿ.

ಅಂತ್ಯಕ್ರಿಯೆಯ ದಿನ ನಿಮ್ಮ ಪಕ್ಕದಲ್ಲೇ ಕೂತಿದ್ದರೂ ಒಂದು ಮಾತು ಹೇಳಲಾಗಲಿಲ್ಲ. ಈಗ ಹೇಳುತ್ತೇನೆ. ಸರ್ ನರಳಲಿಲ್ಲ ಅಮ್ಮ. ಏಟು ಬಿದ್ದ ಕ್ಷಣಕ್ಕೇ ಪ್ರಜ್ಞೆ ಹೋಯಿತು, ಮತ್ತೆ ಬರಲಿಲ್ಲ. ಅವರಿಗೆ ಏನೂ ಗೊತ್ತಾಗಲಿಲ್ಲ. ಅಷ್ಟು ನೆಮ್ಮದಿಯಾದರೂ ನಿಮಗಿರಲಿ.

ನಿಮ್ಮ
ಮೊಂಡಿ


ಫೆಬ್ರವರಿ 17

ಮೊಂಡಿ,

ಪೆಟ್ಟಿಗೆಗಳು ಬಂದವು. ಜೋಪಾನ ಅಂತ ನೀನು ಬರೆದಿದ್ದರೂ ಗಾಜು ಚುಚ್ಚಿತು. ತಂಗಿ ನಡೆಯುತ್ತಿದ್ದಾಳೆ, ಎರಡು ಹೆಜ್ಜೆಗೆ ನೂರು ಬೈಗುಳ. ನನ್ನನ್ನು ಬೈದುಕೊಂಡೇ ಅವಳು ಗುಣವಾಗುತ್ತಾಳೆ.

ಸಂತಾಪದ ಕಾಗದಗಳು ರಾಶಿ ಬಿದ್ದಿವೆ. ಎಲ್ಲರಿಗೂ ಅವರು "ದೇವರಂಥ ಮನುಷ್ಯ". ಓದಿ ಓದಿ ಮೈ ಉರಿಯುತ್ತದೆ. ಕ್ಷಯರೋಗದ ಹಳೇ ಶೆಡ್ಡಿನಲ್ಲಿ ಹನ್ನೆರಡು ಮಂಚ ಹಾಕಿ ತುರ್ತು ಚಿಕಿತ್ಸಾ ವಿಭಾಗ ಶುರು ಮಾಡಿದ್ದು ಅವರು, ಹೌದು. ಹದಿನಾಲ್ಕು ವರ್ಷ ಕಾಲೇಜು ನಡೆಸಿದ್ದು ಹೌದು. ಆದರೆ ಆಪರೇಷನ್ ನಡುವೆ ಸ್ಟೀಲ್ ಟ್ರೇ ಬೀಸಿ ಹುಡುಗನೊಬ್ಬನ ಹಣೆ ಸೀಳಿದ್ದು ಯಾರು? ಆಮೇಲೆ "ಅಲ್ಲಾಡಬೇಡ, ಕತ್ತೆ" ಅಂತ ಬೈಯುತ್ತಾ ತಾವೇ ಕೂತು ಮೂರು ಹೊಲಿಗೆ ಹಾಕಿದರು. ಬಿ.ಪಿ. ನೋಡದೆ ಚಾರ್ಟಿನಲ್ಲಿ ನೂರಿಪ್ಪತ್ತು, ಎಂಬತ್ತು ಅಂತ ಗೀಚಿದವನಿಗೆ ವಾರ್ಡಿನಲ್ಲೇ ಕೆನ್ನೆಗೆ ಬಿಟ್ಟರು. ಅಲ್ಲಿ ನಮ್ಮ ಅಡುಗೆಮನೆಯ ಗೋಡೆಯಲ್ಲಿ ತಟ್ಟೆ ಬಡಿದ ಗುರುತುಗಳು ಇನ್ನೂ ಇವೆ. ಸಾಯಬಾರದವರು ಸತ್ತ ದಿನ ಮನೆಗೆ ಬಂದು ಎಸೆಯೋರು. ನಾನೂ ತಿರುಗಿ ಎಸೆಯುತ್ತಿದ್ದೆ, ನನ್ನ ಗುರಿ ಅವರಿಗಿಂತ ಚೆನ್ನಾಗಿತ್ತು. ಅಂಥ ನನ್ನ ಗಂಡನನ್ನು ದೇವರು ಮಾಡಿ ಗೋಡೆಗೆ ತಗುಲಿಹಾಕಿದರೆ ನನಗೆ ಉಳಿಯುವುದು ಏನು?

ನಿನ್ನ ನೆಮ್ಮದಿಯ ಮಾತು ಓದಿದೆ. ಒಂದೆರಡು ವಿಷಯ ತಿಳಿಯಬೇಕು. ಏಟು ಬಿದ್ದಾಗ ಗಂಟೆ ಎಷ್ಟು? ಅವರು ಹೋದಾಗ ಎಷ್ಟು? ಹೊಡೆದವನು ಯಾರು? ನೀನು ಬಾಗಿಲಲ್ಲೇ ಇದ್ದೆ. ನನ್ನ ಕೈಗೆ ಅವನು ಸಿಕ್ಕಿದರೆ ಅವನು ಹೊಡೆದದ್ದರಲ್ಲೇ ಅವನ ತಲೆ ಜಜ್ಜುತ್ತೇನೆ. ನಾನು ಬರೀ ಡ್ರಾಯಿಂಗ್ ಟೀಚರ್ ಅಂತ ನಗಬೇಡ.

ಅಮ್ಮ


ಫೆಬ್ರವರಿ 26

ಅಮ್ಮ,

ನೀವು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಇದೊಂದು ಸಲ ಓದಿ ಮಡಿಸಿಡಿ.

ಹೆರಿಗೆಗೆ ಬಂದ ಹುಡುಗಿ ನಮ್ಮ ಬಾಗಿಲು ಮುಟ್ಟುವ ಹೊತ್ತಿಗೇ ಅರ್ಧ ರಕ್ತ ಕಳೆದುಕೊಂಡಿದ್ದಳು. ಒಂಬತ್ತು ಬಾಟಲಿ ಕೊಟ್ಟೆವು, ನಿಲ್ಲಲಿಲ್ಲ. ಮಗು ಮೊದಲು ಹೋಯಿತು, ಬೆಳಿಗ್ಗೆ ಹನ್ನೊಂದು ಗಂಟೆಗೆ ತಾಯಿ. ಹನ್ನೆರಡಕ್ಕೆ ರಸ್ತೆಯಲ್ಲಿ ಸುದ್ದಿ: ಅವಳಿಗೆ ತಂದ ರಕ್ತವನ್ನು ಡಾಕ್ಟರುಗಳು ಇನ್ಯಾರಿಗೋ ಮಾರಿಕೊಂಡರು ಅಂತ. ಯಾವ ಪಾಪಿ ಹಬ್ಬಿಸಿದನೋ. ಒಂದೂವರೆಗೆ ಗೇಟು ಮುರಿಯಿತು.

ಮೊದಲು ಕಿಟಕಿಗಳು, ಆಮೇಲೆ ಔಷಧಿ ಬೀರು, ಆಮೇಲೆ ಮನುಷ್ಯರು. ಹೆಡ್ ನರ್ಸನ್ನು ಜಡೆ ಹಿಡಿದು ಕಾರಿಡಾರಿನುದ್ದಕ್ಕೂ ಎಳೆದರು, ಓಲೆಯ ಜೊತೆ ಕಿವಿಯೂ ಹರಿಯಿತು. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಬೆರಳುಗಳನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಒದ್ದರು. ಅವಳು ಸರ್ಜನ್ ಆಗಬೇಕೆಂದಿದ್ದವಳು. ಕಾಂಪೌಂಡರ್ ಮುಖಕ್ಕೆ ಸ್ಪಿರಿಟ್ ಎರಚಿ ಬೆಂಕಿಕಡ್ಡಿ ಗೀರಿದರು, ಪುಣ್ಯಕ್ಕೆ ಕಡ್ಡಿ ಹತ್ತಲಿಲ್ಲ. ನಾನು ಕತ್ತರಿ ಹಿಡಿದು ನಿಂತಿದ್ದೆ. ಯಾರಾದರೂ ಹತ್ತಿರ ಬಂದಿದ್ದರೆ ಚುಚ್ಚಿಬಿಡುತ್ತಿದ್ದೆ ಅಮ್ಮ, ಎಲ್ಲಿ ಚುಚ್ಚಿದರೆ ಬೇಗ ಅಂತ ನನಗೆ ಚೆನ್ನಾಗಿ ಗೊತ್ತು.

ಆಗ ಸರ್ ಮೆಟ್ಟಿಲಿಳಿದು ಬಂದರು. ಕೋಟಿನ ಗುಂಡಿ ಎಲ್ಲ ಹಾಕಿದ್ದರು. ವಾರ್ಡಿನ ಬಾಗಿಲ ಚೌಕಟ್ಟಿಗೆ ಎರಡೂ ಕೈ ಅಡ್ಡ ಹಿಡಿದು, "ಒಳಗೆ ಹದಿನೆಂಟು ಜನ ಮಲಗಿದಾರೆ. ನಿಮ್ಮ ಜಗಳ ಅವರಿಗೆ ಗೊತ್ತಿಲ್ಲ. ಹೊಡೀಲೇಬೇಕು ಅಂದ್ರೆ ನನಗೆ ಹೊಡೀರಿ, ಹೊಡೆದು ಮನೆಗೆ ಹೋಗಿ" ಅಂದರು.

ಹೊಡೆದರು. ಡ್ರಿಪ್ ಬಾಟಲಿ ನೇತುಹಾಕುವ ಕಬ್ಬಿಣದ ಕಂಬ. ಎಡಗಿವಿಯ ಮೇಲೆ. ಎರಡು ಗಂಟೆ ಹತ್ತು ನಿಮಿಷ. ಅಲ್ಲಿಗೆ ಎಲ್ಲ ಮುಗಿಯಿತು. ದಾಖಲೆಯಲ್ಲಿ ಐದೂ ನಲವತ್ತು ಅಂತಿದೆ, ಅದು ಬರೀ ಹೃದಯ ನಿಂತ ಹೊತ್ತು. ಹೊಡೆದವನ ಮುಖ ನಾನು ನೋಡಲಿಲ್ಲ.

ನಾನು ಚೆನ್ನಾಗಿದ್ದೇನೆ. ಆಪರೇಷನ್‌ಗಳನ್ನು ಸದ್ಯಕ್ಕೆ ಬೇರೆಯವರು ಮಾಡುತ್ತಿದ್ದಾರೆ, ನನಗೆ ಆಡಳಿತದ ಕೆಲಸವೇ ತಲೆ ಮೇಲಿದೆ. ಇನ್ನು ಆ ದಿನದ ಮಾತು ಸಾಕಲ್ಲವೇ?

ಮೊಂಡಿ


ಮಾರ್ಚ್ 4

ಮೊಂಡಿ,

ನೀನೂ ಬಿ.ಪಿ. ನೋಡದೆ ಚಾರ್ಟು ಬರೆಯುತ್ತಿದ್ದೀಯ. ಎರಡು ಹತ್ತಕ್ಕೆ ಅವರ ಪ್ರಜ್ಞೆ ಹೋಗಲಿಲ್ಲ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ.

ನಿಜ ಬರೆ. ಇಲ್ಲದಿದ್ದರೆ ಬರೆಯಲೇ ಬೇಡ.

ಅಮ್ಮ


ಮಾರ್ಚ್ 9

ಅಮ್ಮ,

ಹೆಡ್ ನರ್ಸ್ ನಿಮಗೆ ಬರೆದಿರಬೇಕು. ಅವರ ಮೇಲೆ ನನಗೆ ಬೇಜಾರಿಲ್ಲ. ನಾನೇ ಹೇಳಬೇಕಾಗಿದ್ದ ಮಾತು.

ಏಟು ಬಿದ್ದಾಗ ಸರ್ ಕೆಳಗುರುಳಿದ್ದು ನಿಜ. ಅರ್ಧ ನಿಮಿಷ ಹಾಗೇ ಇದ್ದರು. ಆಮೇಲೆ ಎದ್ದು ಕೂತು ಕನ್ನಡಕ ಎಲ್ಲಿ ಅಂದರು. ಅಷ್ಟರಲ್ಲಿ ಪೊಲೀಸರು ಬಂದರು, ಬಂದವರು ಲಾಠಿಯನ್ನು ಮನಸ್ಸಿಗೆ ಬಂದ ಹಾಗೆ ಬೀಸಿದರು. ಹತ್ತು ನಿಮಿಷದಲ್ಲಿ ನಮ್ಮ ನೆಲದ ಮೇಲೆ ಇಪ್ಪತ್ತಮೂರು ಜನ: ನಮ್ಮವರು, ಅವರು, ಏನೂ ಸಂಬಂಧವಿಲ್ಲದ ಒಬ್ಬ ಮುದುಕಿ. ಕಾಲಿಟ್ಟಲ್ಲೆಲ್ಲ ರಕ್ತಕ್ಕೆ ಜಾರುತ್ತಿತ್ತು.

ಸರ್ ಗೋಡೆ ಹಿಡಿದು ಎದ್ದು ಚೀಟಿಗಳ ಕಟ್ಟು ಕೇಳಿದರು. ಕೈಗೆ ಕಟ್ಟುವ ಬಣ್ಣದ ಚೀಟಿ, ನಿಮಗೆ ಗೊತ್ತೇ ಇದೆ. ಕೆಂಪು ಅಂದರೆ ಈಗಲೇ, ಹಳದಿ ಅಂದರೆ ಸ್ವಲ್ಪ ತಡೆದು, ಹಸಿರು ಅಂದರೆ ಎಲ್ಲರದೂ ಮುಗಿದ ಮೇಲೆ. ಮೊದಲ ವರ್ಷದಿಂದ ಅವರು ನಮ್ಮ ತಲೆಗೆ ಬಡಿದದ್ದು ಒಂದೇ: ಕೂಗುವವನಿಗೆ ಉಸಿರಿದೆ, ಮಾತಾಡುವವನಿಗೆ ಮೆದುಳಿದೆ, ಅವರು ಕಾಯಲಿ, ಸುಮ್ಮನೆ ಬಿದ್ದಿರುವವನ ಹತ್ತಿರ ಓಡು.

ನಾನು, "ಸರ್, ಮೊದಲು ನಿಮ್ಮ ತಲೆ ಸ್ಕ್ಯಾನ್ ಮಾಡಿಸೋಣ" ಅಂದೆ.

"ನಾನು ಮಾತಾಡ್ತಿದೀನಿ ತಾನೆ?" ಅಂದರು. ಹಸಿರು ಚೀಟಿಯೊಂದನ್ನು ಹರಿದು ಹಲ್ಲಿನಲ್ಲಿ ದಾರ ಎಳೆದು ತಮ್ಮ ಕೈಗೆ ತಾವೇ ಕಟ್ಟಿಕೊಂಡರು. "ನನ್ನ ಸರದಿ ಗೊತ್ತಾಯ್ತಲ್ಲ? ಹೋಗು."

ಮೂಲೆಯಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದ. ಸದ್ದಿಲ್ಲ, ಮುಖ ಬಿಳಿಚಿತ್ತು. ಸರ್ ಅವನ ಹೊಟ್ಟೆ ಮುಟ್ಟಿ ನೋಡಿ ಕೆಂಪು ಕಟ್ಟಿದರು. ನಾನು ಅವನನ್ನು ತಿರುಗಿಸಿದೆ. ಅವನೇ ಅಮ್ಮ. ಕಂಬ ಬೀಸಿದವನು. ಸತ್ತ ಹುಡುಗಿಯ ಅಣ್ಣ, ವೆಲ್ಡಿಂಗ್ ಅಂಗಡಿಯವನು. ಅವನ ಮುಖ ನೋಡಲಿಲ್ಲ ಅಂತ ಬರೆದದ್ದು ಸುಳ್ಳು, ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ.

"ಸರ್, ನಿಮಗೆ ಹೊಡೆದವನು ಇವನೇ" ಅಂದೆ.

"ಅವನ ಕೈ ಸರಿಯಾಗಿ ಕೆಲಸ ಮಾಡ್ತಿದೆ ಅಂತ ಆಗ್ಲೇ ಗೊತ್ತಾಯ್ತು. ಈಗ ಅವನ ಹೊಟ್ಟೆ ನೋಡು."

ಲಾಠಿ ಏಟಿಗೆ ಎಡಪಕ್ಕೆಯ ಕೆಳಗಿನ ಗುಲ್ಮ ಒಡೆದು ಹೊಟ್ಟೆ ತುಂಬ ರಕ್ತ ನಿಂತಿತ್ತು. ರಕ್ತನಾಳವನ್ನು ಬಿಗಿಹಿಡಿಯುವ ಕ್ಲಾಂಪ್ ಹಾಕುವ ಮುಂಚೆ ನನ್ನ ಕೈ ನಿಂತಿತು. ಸಾಯಲಿ ಬಿಡು ಅನ್ನಿಸಿತು. ಎಷ್ಟು ಹೊತ್ತೋ ಗೊತ್ತಿಲ್ಲ, ಅರಿವಳಿಕೆ ಡಾಕ್ಟರು "ಮೇಡಂ" ಅಂತ ಕೂಗಿದರು. ಆಮೇಲೆ ಕ್ಲಾಂಪ್ ಹಾಕಿದೆ. ಅವನು ಬದುಕಿದ. ಈಗ ಜೈಲಿನ ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಹೊತ್ತು ಉಣ್ಣುತ್ತಿದ್ದಾನೆ.

ನಾನು ಹೊರಗೆ ಬಂದಾಗ ನಾಲ್ಕು ಹತ್ತು. ಸರ್ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸಿಂಗ್ ರೂಮಿನಲ್ಲಿ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಿದ್ದರು. ದಣಿದು ಕಣ್ಣು ಮುಚ್ಚಿದ್ದಾರೆಂದು ವಿದ್ಯಾರ್ಥಿಗಳು ಎಬ್ಬಿಸಿರಲಿಲ್ಲ. ಹಸಿರು ಚೀಟಿ ನೋಡಿ ನೋಡಿ ಎಲ್ಲರೂ ದಾಟಿ ಹೋಗಿದ್ದರು. ಎರಡೂ ಕಣ್ಣಪಾಪೆಗಳು ಅಗಲವಾಗಿದ್ದವು. ಅಲ್ಲೇ ಪಕ್ಕದ ಮೇಜಿಗೆ ಎತ್ತಿಹಾಕಿ ಬುರುಡೆ ಕೊರೆದೆ. ಗರಣೆಗಟ್ಟಿದ ರಕ್ತ ಹೊರಗೆ ಬಂತು, ಅವರು ಬರಲಿಲ್ಲ.

ಅವರ ಪಾಠಕ್ಕೆ ಒಂದೇ ಒಂದು ಅಪವಾದವಿತ್ತು. ತಲೆಗೆ ಏಟು ತಿಂದವನು ಎದ್ದು ಕೂತು ಚೆನ್ನಾಗಿ ಮಾತಾಡುತ್ತಾನೆ, ಆಮೇಲೆ ಸಾಯುತ್ತಾನೆ. ಅದನ್ನೂ ಅವರೇ ಕಲಿಸಿದ್ದರು. ನಮ್ಮ ತಲೆಯ ಸರ್ಜನ್ ರಜೆಯಲ್ಲಿದ್ದರು, ಬುರುಡೆ ಕೊರೆಯಲು ಬರುತ್ತಿದ್ದವಳು ಅವತ್ತು ನಾನೊಬ್ಬಳೇ. ಹನ್ನೆರಡು ನಿಮಿಷದ ಕೆಲಸ. ನಾನು ಅವರನ್ನು ದಾಟಿ, ಅವರಿಗೆ ಹೊಡೆದವನ ಹೊಟ್ಟೆ ಹೊಲಿಯಲು ಹೋದೆ.

ಇಪ್ಪತ್ತನೇ ತಾರೀಕು ಸಮಿತಿಯ ಮುಂದೆ ಇದಷ್ಟನ್ನೂ ಹೇಳಿ ರಾಜೀನಾಮೆ ಕೊಡುತ್ತೇನೆ. ಡಾಕ್ಟರಿಕೆಯನ್ನೇ ಬಿಡುತ್ತೇನೆ. ಅವತ್ತಿನಿಂದ ಚಾಕು ಹಿಡಿದರೆ ಕೈ ನಡುಗುತ್ತದೆ, ಆಡಳಿತದ ಕೆಲಸ ಅಂದದ್ದು ನೆಪ. ನಿಮ್ಮ ಗಂಡನನ್ನು ಕೊಂದದ್ದು ನಾನು ಅಮ್ಮ.

ಮೊಂಡಿ


ಮಾರ್ಚ್ 15

ಅಮ್ಮ,

ಪ್ರತಿದಿನ ಟಪಾಲು ಕೊಠಡಿಗೆ ನಾನೇ ಹೋಗಿ ನೋಡಿ ಬರುತ್ತಿದ್ದೇನೆ. ಬೈದಾದರೂ ನಾಲ್ಕು ಸಾಲು ಬರೆಯಿರಿ. ಮನೆಯಿಂದ ಆಚೆ ಹಾಕಿದ ಹಾಗೆ ಸುಮ್ಮನಿರಬೇಡಿ.

ಮೊಂಡಿ


ಮಾರ್ಚ್ 17

ಮೊಂಡಿ,

ನನಗೆ ಹೆಡ್ ನರ್ಸ್ ಬರೆಯಲಿಲ್ಲ. ಯಾರೂ ಬರೆಯಲಿಲ್ಲ. ಅವರೇ ಹೇಳಿದರು.

ಅವತ್ತು ಮೂರು ಗಂಟೆ ಐದು ನಿಮಿಷಕ್ಕೆ ಫೋನು ಬಂತು. ತಂಗಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು, ನಾನೇ ಎತ್ತಿದೆ. ಹಿಂದೆ ನಲ್ಲಿ ನೀರು ಸುರಿಯುವ ಸದ್ದು, ಯಾರೋ ಅಳುವ ಸದ್ದು. ಡ್ರೆಸ್ಸಿಂಗ್ ರೂಮಿನ ಗೋಡೆಯ ಫೋನು.

"ಏನ್ರೀ ಈ ಹೊತ್ತಲ್ಲಿ?" ಅಂದೆ.

"ತಲೆಗೆ ಒಂದು ಏಟು ಬಿತ್ತು. ಈಗ ವಾಂತಿ ಆಯ್ತು. ಕನ್ನಡೀಲಿ ನೋಡ್ದೆ, ಎಡಗಣ್ಣಿನ ಪಾಪೆ ದೊಡ್ಡದಾಗಿದೆ."

ನನಗೆ ಅರ್ಥವಾಗದೆ ಇರಲು ದಾರಿಯಿರಲಿಲ್ಲ ಕಣೆ. ವಿದ್ಯಾರ್ಥಿಗಳಿಗೆ ಅವರು ಬರೆದ ಪುಸ್ತಕದ ಚಿತ್ರಗಳನ್ನೆಲ್ಲ ಬರೆದವಳು ನಾನು. ಆ ಕಣ್ಣಿನ ಚಿತ್ರವನ್ನು ಏಳು ಸಲ ಬರೆಸಿದ್ದರು. "ಇನ್ನೂ ಅಗಲ ಮಾಡು, ಸಾಯೋನ ಕಣ್ಣು ಇಷ್ಟು ಅಂದವಾಗಿರಲ್ಲ" ಅಂತ ಆರು ಹಾಳೆ ಹರಿದಿದ್ದರು.

"ಮೊಂಡಿನ ಕರೀರಿ" ಅಂದೆ.

"ಅವಳ ಕೈ ಒಬ್ಬನ ಹೊಟ್ಟೆಯೊಳಗಿದೆ. ಈಗ ಕರೆದ್ರೆ ಅವನನ್ನ ಬಿಟ್ಟು ಓಡಿ ಬರ್ತಾಳೆ, ಅವನು ಹೋಗ್ತಾನೆ. ಅರ್ಧ ಗಂಟೇಲಿ ಮುಗಿಸ್ತಾಳೆ. ಅಲ್ಲೀವರೆಗೆ ತಡಕೋತೀನಿ."

"ನಾನು ಮಾಡ್ತೀನಿ ಫೋನು."

"ಮಾಡ್ಬೇಡ. ನೀನು ಮಾಡಿದ್ರೆ ನಾನು ಕಲಿಸಿದ್ದೆಲ್ಲ ಮಣ್ಣುಪಾಲು. ಸುಮ್ನೆ ಮಾತಾಡ್ತಿರು, ನಿದ್ದೆ ಬರ್ತಿದೆ."

ಮಾತಾಡಿದೆ. ತಂಗಿಯ ಸೊಂಟ, ನೀರಿನ ಟ್ಯಾಂಕು ಸೋರುವುದು, ಏನೇನೋ. ಅವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು. ಆಮೇಲೆ ನಾಲಿಗೆ ತೊದಲಿತು. ಆಮೇಲೆ ನಲ್ಲಿ ನೀರಿನ ಸದ್ದು ಮಾತ್ರ. ಆಸ್ಪತ್ರೆಯ ಆಫೀಸಿನ ನಂಬರು ನನಗೆ ಬಾಯಿಪಾಠ. ಲೈನು ಕತ್ತರಿಸಿ ಆ ನಂಬರು ಒತ್ತಬಹುದಾಗಿತ್ತು. ಒತ್ತಲಿಲ್ಲ. ಇಪ್ಪತ್ತು ನಿಮಿಷ ಫೋನು ಕಿವಿಗೆ ಹಿಡಿದು ನಿಂತಿದ್ದೆ. ಮೂವತ್ತೆಂಟು ವರ್ಷ ಅವರ ಒಂದು ಮಾತೂ ಕೇಳದವಳು, ಆ ಒಂದು ಮಾತು ಕೇಳಿದೆ.

ಇದಕ್ಕಿಂತ ಹೊಲಸು ಇನ್ನೊಂದಿದೆ. ನಿನ್ನ ಕಾಗದ ಬಂದ ದಿನ ನನಗೆ ಹಗುರವಾಯಿತು. ಸದ್ಯ, ತಪ್ಪು ಅವಳದು, ಅವಳೇ ಒಪ್ಪಿಕೊಂಡಿದ್ದಾಳೆ ಅನ್ನಿಸಿತು. ನಾಲ್ಕು ದಿನ ಹಾಗೇ ಇದ್ದೆ. ನೀನು ಕೆಲಸ ಬಿಡಲಿ, ಹಾಳಾಗಿ ಹೋಗಲಿ, ನನ್ನ ವಿಷಯ ಯಾರಿಗೂ ಗೊತ್ತಾಗುವುದಿಲ್ಲ ಅಂತ ಲೆಕ್ಕ ಹಾಕಿದೆ. ಐದನೇ ದಿನ ನನ್ನ ಮುಖ ನನಗೇ ನೋಡಲಾಗಲಿಲ್ಲ.

ಈ ಕಾಗದವನ್ನು ಸಮಿತಿಗೆ ಕೊಡು. ರಾಜೀನಾಮೆ ಕೊಡಬೇಡ.

ಅಮ್ಮ


ಮಾರ್ಚ್ 22

ಸಮಿತಿ ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಮುಂದೆ ಹೋಗಿದೆ, ಅಧ್ಯಕ್ಷರಿಗೆ ಹುಷಾರಿಲ್ಲ. ಅಷ್ಟು ತಿಳಿಸಿ ಸುಮ್ಮನಾಗೋಣ ಅಂತಿದ್ದೆ, ಆಗಲಿಲ್ಲ.

ಒಂದು ಫೋನು. ಅಷ್ಟೇ ಬೇಕಾಗಿದ್ದದ್ದು. ಹೊಟ್ಟೆಯೊಳಗೆ ಬಟ್ಟೆ ತುರುಕಿ, ಒತ್ತಿ ಹಿಡಿದಿರು ಅಂತ ಸಹಾಯಕನಿಗೆ ಹೇಳಿ ನಾನು ಬರುತ್ತಿದ್ದೆ. ಹಾಗೆ ಹತ್ತು ಸಲ ಮಾಡಿದ್ದೇವೆ. ಇಬ್ಬರೂ ಬದುಕುತ್ತಿದ್ದರು. ಸರ್‌ಗೆ ಅದು ಯಾಕೆ ಹೊಳೆಯಲಿಲ್ಲ ಗೊತ್ತೇ? ಅವರ ಮೆದುಳಿನ ಮೇಲೆ ರಕ್ತ ಕೂತಿತ್ತು. ನಿಮ್ಮ ಜೊತೆ ಮಾತಾಡಿದ್ದು ಅವರಲ್ಲ, ಅವರ ತಲೆಗೆ ಬಿದ್ದ ಏಟು. ನೀವು ಏಟಿನ ಮಾತು ಕೇಳಿ ಕೈ ಕಟ್ಟಿ ನಿಂತಿರಿ.

ನಾನು ಒಂದೂವರೆ ತಿಂಗಳಿಂದ ಕೈ ನಡುಗಿಸಿಕೊಂಡು ಓಡಾಡುತ್ತಿದ್ದೇನೆ. ಎಲ್ಲ ಗೊತ್ತಿದ್ದೂ ನೀವು "ಗಂಟೆ ಎಷ್ಟು" ಅಂತ ನನ್ನನ್ನೇ ಕೆದಕಿದಿರಿ. ನಿಮ್ಮ ಕಾಗದ ಹರಿದು ಹಾಕಿದೆ. ಆಮೇಲೆ ಕಸದ ಬುಟ್ಟಿಯಿಂದ ಆರಿಸಿ ಅಂಟಿಸಿದೆ. ಎದುರಿಗೆ ಇದ್ದಿದ್ದರೆ ನಿಮ್ಮ ಮೇಲೆ ಕೈ ಎತ್ತಿಬಿಡುತ್ತಿದ್ದೆ.

ಇನ್ನು ಬರೆಯಬೇಡಿ.


ಏಪ್ರಿಲ್ 16

ಅಮ್ಮ,

ಮೊನ್ನೆ ಮಧ್ಯಾಹ್ನ ಗಾರೆ ಕೆಲಸದವನೊಬ್ಬ ಎರಡನೇ ಮಹಡಿಯಿಂದ ಬಿದ್ದು ತಾನೇ ನಡೆದುಕೊಂಡು ಬಂದ. ಬಾಯಿ ತುಂಬ ಮಾತು. ಮೇಸ್ತ್ರಿಯನ್ನು ಅಣಕಿಸಿ ಇಡೀ ವಾರ್ಡನ್ನು ನಗಿಸುತ್ತಿದ್ದ. ಹೊಸ ಡಾಕ್ಟರೊಬ್ಬಳು ಹಸಿರು ಚೀಟಿ ಕಟ್ಟಿದ್ದಳು. ನಾನು ರೌಂಡ್ಸ್‌ಗೆ ಬಂದವಳು ಅವನ ಕಣ್ಣಿಗೆ ಟಾರ್ಚು ಬಿಟ್ಟೆ. ಒಂದು ಪಾಪೆ ಆಗಲೇ ಅಗಲವಾಗಿತ್ತು.

"ನನಗೇನೂ ಆಗಿಲ್ಲ, ಬಿಡ್ರಿ" ಅಂತ ಎದ್ದ. ಹಿಡಿಯಲು ಹೋದೆ, ಮುಷ್ಟಿಯಲ್ಲಿ ಬಾಯಿಗೆ ಗುದ್ದಿದ. ತುಟಿ ಒಡೆದು ಹಲ್ಲು ಅಲ್ಲಾಡಿತು. ನಾಲ್ಕು ಜನ ಅವನ ಮೇಲೆ ಬಿದ್ದು ಕೈಕಾಲು ಕಟ್ಟಿದರು. ಮೇಜಿನವರೆಗೂ ನನ್ನ ಇಡೀ ವಂಶಕ್ಕೆ ಬೈದ, ಒಳ್ಳೊಳ್ಳೆಯ ಬೈಗುಳ, ಕೆಲವು ನನಗೆ ಹೊಸವು. ಬೈಯುತ್ತಾ ಬೈಯುತ್ತಾ ಅರ್ಧದಲ್ಲಿ ಮಾತು ನಿಂತಿತು. ಅಷ್ಟರಲ್ಲಿ ನಾನು ಕೊರೆಯಲು ಶುರು ಮಾಡಿದ್ದೆ. ನನ್ನ ಬಾಯಿಯ ರಕ್ತ ಮಾಸ್ಕಿನೊಳಗೆ ಇಳಿಯುತ್ತಿತ್ತು. ಹನ್ನೊಂದು ನಿಮಿಷ. ಕೈ ನಡುಗಲಿಲ್ಲ.

ಬೆಳಿಗ್ಗೆ ಎದ್ದು, "ಅರ್ಧ ತಲೆ ಬೋಳಿಸಿದ್ದೀರಲ್ಲ, ಇನ್ನರ್ಧ ಏನು ಪಾಪ ಮಾಡಿತ್ತು?" ಅಂದ.

ಆ ದಿನವೇ ಮೊದಲ ವರ್ಷದಿಂದ ಕೊನೆಯ ವರ್ಷದವರೆಗಿನ ವಿದ್ಯಾರ್ಥಿಗಳನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಸರ್ ಹೇಗೆ ಸತ್ತರೆಂದು ನನ್ನ ತಪ್ಪಿನ ಸಮೇತ ಹೇಳಿದೆ. ನಿಮ್ಮ ಭಾಗ ಹೇಳಲಿಲ್ಲ, ಅದು ನನ್ನದಲ್ಲ. ತಲೆಗೆ ಏಟು ಬಿದ್ದವರು ಏನೇ ಹೇಳಲಿ ನಂಬಬೇಡಿ, ಅವರು ಪ್ರಾಂಶುಪಾಲರಾಗಿದ್ದರೂ ಸರಿ, ನಾನಾಗಿದ್ದರೂ ಸರಿ, ಕಟ್ಟಿ ಹಾಕಿ ಅಂದೆ. ಮಂಡಳಿಯವರು ಸರ್ ಪ್ರತಿಮೆ ಮಾಡಿಸುತ್ತೇವೆ ಅಂತ ಬಂದಿದ್ದರು. ಸ್ಕ್ಯಾನ್ ಕೋಣೆಗೆ ಇನ್ನೊಬ್ಬ ಮನುಷ್ಯನನ್ನು ಕೊಡಿ, ಪ್ರತಿಮೆ ಬೇಡ ಅಂತ ಕಳಿಸಿದೆ. ರಾಜೀನಾಮೆ ಬರೆದಿದ್ದ ಹಾಳೆ ಈಗಿಲ್ಲ. ಕೊಡಬೇಡ ಅಂತ ನೀವು ಹೇಳಿದ್ದಕ್ಕಲ್ಲ.

ವೆಲ್ಡಿಂಗ್‌ನವನನ್ನು ಸಮಿತಿಯ ಮುಂದೆ ಗುರುತಿಸುತ್ತೇನೆ. ಅವನಿಗೆ ಕೆಂಪು ಚೀಟಿ ಕಟ್ಟಿದ್ದು ಯಾರು ಅನ್ನುವುದನ್ನೂ ಹೇಳುತ್ತೇನೆ.

ಅಂಟಿಸಿದ ನಿಮ್ಮ ಕಾಗದವನ್ನು ಇದರ ಜೊತೆ ವಾಪಸ್ ಇಟ್ಟಿದ್ದೇನೆ. ಅದನ್ನು ನಾನು ಯಾರಿಗೂ ಕೊಡುವುದಿಲ್ಲ. ಹೇಳುವುದಿದ್ದರೆ ನೀವೇ ಹೇಳಬೇಕು. ನನ್ನ ಕೋಪ ಹೋಗಿಲ್ಲ, ಹೋಗುತ್ತದೆ ಅಂತಲೂ ಅನ್ನಿಸುವುದಿಲ್ಲ. ಆದರೆ ಈ ಕೋಪ ಮಾಡಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಮೊಂಡಿ


ಏಪ್ರಿಲ್ 20

ಮೊಂಡಿ,

ಇಪ್ಪತ್ತಮೂರನೇ ತಾರೀಕು ಬೆಳಗಿನ ಗಾಡಿಗೆ ಬರುತ್ತಿದ್ದೇನೆ. ತಂಗಿ ತನ್ನ ಕೋಲು ತಾನೇ ಹಿಡಿದು ಬಚ್ಚಲಿಗೆ ಹೋಗುತ್ತಾಳೆ, ಇನ್ನು ನನ್ನ ಅಗತ್ಯವಿಲ್ಲ ಅಂತ ಅವಳೇ ಅಂದಳು. ಕಾಗದವನ್ನು ಒಲೆಗೆ ಹಾಕಿದೆ. ಬಾಯಿ ಇದೆ, ಅದರಲ್ಲೇ ಹೇಳುತ್ತೇನೆ.

ಸಮಿತಿಯ ಮುಂದೆ ಮೊದಲು ನಾನು, ಆಮೇಲೆ ನೀನು. ಅವರು ಒಪ್ಪದಿದ್ದರೆ ನಾನು ಒಪ್ಪಿಸುತ್ತೇನೆ.

ಹಲ್ಲು ಕೀಳಿಸಬೇಡ, ಎರಡು ವಾರ ಗಟ್ಟಿ ಏನೂ ಕಚ್ಚದಿದ್ದರೆ ಕೂರುತ್ತದೆ. ಗಾಡಿ ಏಳೂವರೆಗೆ ಬರುತ್ತದೆ. ಬೈಯುವುದನ್ನು ಸ್ಟೇಷನ್ನಿನಲ್ಲೇ ಶುರು ಮಾಡು, ಜನ ನೋಡುತ್ತಾರೆ ಅಂತ ಮನೆಯವರೆಗೆ ಹಿಡಿದಿಟ್ಟುಕೊಳ್ಳಬೇಡ. ಕೈ ಎತ್ತಬೇಕು ಅನ್ನಿಸಿದರೆ ಎತ್ತು. ನಾನು ಹಿಂದಕ್ಕೆ ಸರಿಯುವುದಿಲ್ಲ.

ಅಮ್ಮ